ಗಾಲಿಗಳ ಜ್ವರ ನೋಡುತ್ತಿದ್ದ ಸಿಸ್ಟರ್

ಅವರ ಬಿಳಿ ಯೂನಿಫಾರ್ಮಿನ ಬಲ ಜೇಬಿನ ಅಂಚಿನಲ್ಲಿ ಹೆಬ್ಬೆರಳಿನಷ್ಟು ಅಗಲದ ಕಪ್ಪು ಕಲೆಯೊಂದಿತ್ತು. ಗ್ರೀಸಿನ ಕಲೆ. ಸೀಮೆಎಣ್ಣೆ, ನಿಂಬೆಹಣ್ಣು, ಬಟ್ಟೆ ಸೋಡಾ ಏನು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಹೋದರೂ ಮರುದಿನ ಅದೇ ಜಾಗಕ್ಕೆ ಹೊಸದು ಬರುತ್ತಿತ್ತು. ಪಿಕಪ್ಪಿನ ಹಿಂದಿನ ಕಬ್ಬಿಣದ ಉಂಡೆಗೆ ಕ್ಯಾರವಾನನ್ನು, ಅಂದರೆ ಎಳೆದೊಯ್ಯುವ ಗಾಲಿಮನೆಯನ್ನು, ಸಿಕ್ಕಿಸಿದ ಮೇಲೆ ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಅವರು ಬೆರಳು ಹಾಕಿಯೇ ನೋಡುತ್ತಿದ್ದರು. ಆಮೇಲೆ ಬೆರಳು ಒರೆಸಿಕೊಳ್ಳಲು ಆ ಜೇಬಿನಲ್ಲಿದ್ದ ಹಳೆ ಬಟ್ಟೆಗೆ ಕೈ ಹಾಕುತ್ತಿದ್ದರು. ಇನ್ನೊಂದು ಜೇಬಿನಲ್ಲಿ ಥರ್ಮಾಮೀಟರ್ ಇರುತ್ತಿತ್ತು.

ಕಂಪನಿಯಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನಾನೂ ಕೊನೆಯವರೆಗೆ ಹಾಗೆಯೇ ಕರೆದೆ. ಎಂಬತ್ತರ ದಶಕದ ಮಧ್ಯದಲ್ಲಿ ನಾನು ಬಂಟ್ವಾಳದಿಂದ ಒಮಾನಿಗೆ ಕಂಪೌಂಡರ್ ಕೆಲಸಕ್ಕೆ ಹೋದಾಗ ಅವರು ಆಗಲೇ ಅಲ್ಲಿದ್ದರು. ಮೂಲ್ಕಿ ಕಡೆಯವರು, ನಲವತ್ತರ ಹತ್ತಿರದ ವಯಸ್ಸು. ನಾವಿಬ್ಬರೂ ತುಳುವಿನಲ್ಲಿ ಮಾತು ಶುರು ಮಾಡಿ, ಮದ್ದಿನ ವಿಷಯ ಬಂದ ಕೂಡಲೇ ಕನ್ನಡಕ್ಕೆ ಜಾರುತ್ತಿದ್ದೆವು.

ನಮ್ಮದು ರಸ್ತೆ ಮಾಡುವ ಕಂಪನಿ. ಬರ್ಕಾ ಎಂಬ ಊರಿನ ಹೊರಗೆ ಯಾರ್ಡು, ವರ್ಕ್‌ಶಾಪು, ಪಕ್ಕದಲ್ಲಿ ಒಂದು ಸಣ್ಣ ಕ್ಲಿನಿಕ್ಕು. ಆದರೆ ರೋಗಿಗಳು ಇದ್ದದ್ದು ಅಲ್ಲಲ್ಲ, ಬೆಟ್ಟಗಳ ನಡುವಿನ ಕ್ಯಾಂಪುಗಳಲ್ಲಿ. ಜ್ವರ ಬಂದವನು ಟ್ರಕ್ಕಿನ ಹಿಂದೆ ಕೂತು ಧೂಳು ಕುಡಿಯುತ್ತ ಬರ್ಕಾಕ್ಕೆ ಬರಬೇಕಿತ್ತು. ಬರುವಷ್ಟರಲ್ಲಿ ಜ್ವರದ ಜೊತೆಗೆ ಕೆಮ್ಮೂ ಇರುತ್ತಿತ್ತು. ಹಾಗಾಗಿ ಕಂಪನಿಯವರು, ತನ್ನ ದೇಶಕ್ಕೆ ಮರಳಿ ಹೊರಟಿದ್ದ ಒಬ್ಬ ಅಮೆರಿಕನ್ ಎಂಜಿನಿಯರ್ ರಜೆಯಲ್ಲಿ ಮನೆಯವರೊಂದಿಗೆ ಸುತ್ತಲು ಇಟ್ಟುಕೊಂಡಿದ್ದ ಹಳೆಯ ಕ್ಯಾರವಾನನ್ನು ಕೊಂಡು, ಒಳಗೆ ಒಂದು ಮಂಚ, ಕಪಾಟು, ಸಣ್ಣ ಫ್ರಿಜ್ಜು ಇಟ್ಟು ಓಡಾಡುವ ಕ್ಲಿನಿಕ್ ಮಾಡಿದರು. ಎಳೆಯಲು ಒಂದು ಅರ್ಧ ಟನ್ನಿನ ಪಿಕಪ್ಪು. ಅದಕ್ಕೆ ನೇಮಿಸಿದ ಡ್ರೈವರ್ ತಂಗಿಯ ಮದುವೆಗೆಂದು ಊರಿಗೆ ಹೋದವನು ಮರಳಿ ಬರಲಿಲ್ಲ. ಬೇರೆಯವನು ಬರುವ ತನಕ ಕಾಯಿರಿ ಎಂದು ಮ್ಯಾನೇಜರ್ ಹೇಳಿದರು. ಸಿಸ್ಟರ್ ಕಾಯಲಿಲ್ಲ. "ನನ್ನ ಹತ್ತಿರ ಲೈಸೆನ್ಸ್ ಉಂಟು. ನಾನೇ ಎಳೀತೇನೆ" ಎಂದರು.

ಒಮಾನಿನಲ್ಲಿ ಲೈಸೆನ್ಸ್ ಸಿಗುವುದೆಂದರೆ ಸಣ್ಣ ವಿಷಯವಲ್ಲ. ಡ್ರಮ್‌ಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆಯಿಸುತ್ತಿದ್ದರು. ಡ್ರಮ್ಮಿಗೆ ತಾಗಿತೋ, ಖಲಾಸ್. ಅದನ್ನು ಪಾಸಾಗಿದ್ದ ಸಿಸ್ಟರಿಗೆ ಕ್ಯಾರವಾನ್ ಕಟ್ಟಿದ ಮೇಲೆ ಆ ವಿದ್ಯೆಯೆಲ್ಲ ತಿರುಗುಮುರುಗಾಯಿತು. ಹಿಂದಕ್ಕೆ ತೆಗೆಯುವಾಗ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಕ್ಯಾರವಾನಿನ ಹಿಂಭಾಗ ಎಡಕ್ಕೆ ಹೋಗುತ್ತಿತ್ತು. ವರ್ಕ್‌ಶಾಪಿನ ಫೋರ್‌ಮನ್, ಉಳ್ಳಾಲದ ಬ್ಯಾರಿ, ಒಂದು ಉಪಾಯ ಹೇಳಿಕೊಟ್ಟರು: "ಸ್ಟಿಯರಿಂಗನ್ನು ಕೆಳಗಿನಿಂದ ಹಿಡೀರಿ ಸಿಸ್ಟರ್. ಹಿಂದಿನದ್ದು ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ." ಸಂಜೆ ಹೊತ್ತು ಸಮುದ್ರದ ಬದಿಯ ಬಯಲಿನಲ್ಲಿ ಅಭ್ಯಾಸ ನಡೆಯುತ್ತಿತ್ತು. ಬಲೆ ಬಿಡಿಸುತ್ತಿದ್ದ ಮೀನುಗಾರರು ಮೊದಲ ದಿನ ನಕ್ಕರು. ಮೂರ್ನಾಲ್ಕು ದಿನಗಳ ಮೇಲೆ ಎದ್ದು ಬಂದು, ಎಡಕ್ಕೆ, ಬಲಕ್ಕೆ ಎಂದು ಅರಬಿಯಲ್ಲಿ ಕೂಗತೊಡಗಿದರು. ಕಡೆಗೆ ಕಾವಾ ಎಂಬ ಅವರ ಅರಬಿ ಕಾಫಿಯೂ ಖರ್ಜೂರವೂ ಬಂತು.

ಫೋರ್‌ಮನ್ನರಿಗೆ ಅವರು ಹಾಕುತ್ತಿದ್ದ ಪ್ರಶ್ನೆಗಳು ನನಗೆ ಈಗಲೂ ನೆನಪಿವೆ.

"ಅರ್ಧ ಟನ್ನಿನ ಗಾಡಿ ಅಂತೀರಲ್ಲ, ಅದು ಒಂದೂವರೆ ಟನ್ನಿನ ಮನೆಯನ್ನು ಎಳೆಯುವುದು ಹೇಗೆ?"

"ಅರ್ಧ ಟನ್ ಅಂದ್ರೆ ಬೆನ್ನ ಮೇಲೆ ಹೊರುವುದು ಸಿಸ್ಟರ್. ಎಳೆಯುವ ಲೆಕ್ಕ ಬೇರೆ."

"ಹಾಗಾದ್ರೆ ಕ್ಯಾರವಾನಿನ ಮೂತಿ? ಅದು ಪಿಕಪ್ಪಿನ ಬೆನ್ನ ಮೇಲೇ ಅಲ್ವಾ ಕೂತಿರುವುದು? ಅದು ಯಾವ ಲೆಕ್ಕಕ್ಕೆ?"

ಫೋರ್‌ಮನ್ ತಲೆ ಕೆರೆದುಕೊಂಡರು. "ಅದು ಎರಡಕ್ಕೂ ಬರ್ತದೆ. ಇವರು ಕೂತರೆ ಇವರ ಭಾರವೂ ಬರ್ತದೆ" ಎಂದು ನನ್ನನ್ನು ತೋರಿಸಿದರು. ಆ ದಿನವೇ ಪಿಕಪ್ಪಿನ ಹಿಂದೆ ಬಿದ್ದಿದ್ದ ಹಳೆ ಟಯರು, ಸರಪಳಿ, ಜಾಕಿ, ಯಾರದೋ ಸಿಮೆಂಟಿನ ಚೀಲ ಎಲ್ಲ ಕೆಳಗಿಳಿದವು.

ಮೊದಲ ಪ್ರಯಾಣದಲ್ಲೇ ಕ್ಯಾರವಾನು ಕುಣಿಯಿತು. ನಖಲ್ ಕಡೆಗೆ ಹೋಗುವ ರಸ್ತೆಯ ಒಂದು ಇಳಿಜಾರಿನಲ್ಲಿ ಖಾಲಿ ಟಿಪ್ಪರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಗಾಳಿಗೆ ಹಿಂದಿನಿಂದ ಯಾರೋ ಜಗ್ಗಿದಂತಾಯಿತು. ಕನ್ನಡಿಯಲ್ಲಿ ನೋಡಿದೆ: ಕ್ಯಾರವಾನು ಒಮ್ಮೆ ಎಡಗಡೆ ಕಾಣುತ್ತಿತ್ತು, ಒಮ್ಮೆ ಬಲಗಡೆ. ಪಿಕಪ್ಪಿನ ಹಿಂಭಾಗವೂ ಅದರೊಂದಿಗೆ ಆಡತೊಡಗಿತು. ನಾನು "ಬ್ರೇಕ್, ಬ್ರೇಕ್" ಎಂದೆನಂತೆ. ಸಿಸ್ಟರ್ ಬ್ರೇಕ್ ತುಳಿಯಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರು. ಸ್ಟಿಯರಿಂಗನ್ನು ನೇರ ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗಿದ್ದ ಒಂದು ಪುಟ್ಟ ಲಿವರನ್ನು ಮೆಲ್ಲಗೆ ಒತ್ತಿದರು. ಅದು ಕ್ಯಾರವಾನಿನ ಗಾಲಿಗಳಿಗೆ ಮಾತ್ರ ಬ್ರೇಕ್ ಹಾಕುವ ಲಿವರು. ಹಿಂದಿನದು ಬಿಗಿದು ಹಿಡಿದಂತಾಗಿ, ಕುಣಿತ ನಿಧಾನಕ್ಕೆ ನಿಂತಿತು. ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದರು. ನಾನು ಬಾಗಿಲು ತೆರೆಯುವಷ್ಟರಲ್ಲಿ ಅವರು ಇಳಿದು ಹೋಗಿ ಕ್ಯಾರವಾನಿನ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನೋಡುವ, ಯಾಕೆ ಹೀಗೆ ಮಾಡ್ತದೆ ಅಂತ" ಎಂದರು.

ಹೊಟ್ಟೆನೋವೆಂದು ಬಂದವನಿಗೂ ಅವರು ಹೇಳುತ್ತಿದ್ದದ್ದು ಇದೇ ಮಾತು.

ವಾಪಸು ಬಂದ ಮೇಲೆ ಸಿಸ್ಟರ್ ಇದನ್ನೇ ಫೋರ್‌ಮನ್ನರನ್ನು ಕೇಳಿದರು. "ಬ್ರೇಕ್ ತುಳಿಯಬೇಡಿ, ಲಿವರ್ ಒತ್ತಿ ಅಂತ ನನಗೆ ಕಲಿಸಿದವರು ಹೇಳಿದ್ದು, ನಾನು ನಿಮಗೆ ಹೇಳಿದೆ. ಯಾಕೆ ಕುಣೀತದೆ ಅಂತ ನನಗೂ ಗೊತ್ತಿಲ್ಲ" ಎಂದು ಫೋರ್‌ಮನ್ ಇದ್ದ ಮಾತನ್ನೇ ಹೇಳಿದರು. ಸಿಸ್ಟರಿಗೆ ಆ ಉತ್ತರ ಕೇಳಿ ಖುಷಿಯಾದಂತೆ ಕಂಡಿತು. ಮಾತ್ರೆಯ ರಟ್ಟಿನ ಪೆಟ್ಟಿಗೆಯೊಂದಕ್ಕೆ ನಡುವೆ ಪೆನ್ಸಿಲು ತೂರಿಸಿ, ಪೌಡರ್ ಡಬ್ಬಿಯ ಎರಡು ಮುಚ್ಚಳಗಳನ್ನು ಗಾಲಿ ಮಾಡಿ, ಮುಂದೆ ಒಂದು ಕಡ್ಡಿ ಕಟ್ಟಿದರು. ಕ್ಲಿನಿಕ್ಕಿನ ಮೇಜನ್ನು ಓರೆ ಮಾಡಿ ನಾವು ಮೂವರೂ ಸುತ್ತ ನಿಂತೆವು. ಪೆಟ್ಟಿಗೆಯ ಹಿಂಭಾಗದಲ್ಲಿ ಮದ್ದಿನ ಶೀಶೆ ಇಟ್ಟು ಕಡ್ಡಿ ಹಿಡಿದು ಇಳಿಸಿದರೆ ಅದು ಅತ್ತಿತ್ತ ತೂಗಾಡುತ್ತಿತ್ತು. ಅದೇ ಶೀಶೆಯನ್ನು ಮುಂದಕ್ಕೆ ಸರಿಸಿದರೆ ನೆಟ್ಟಗೆ ಬರುತ್ತಿತ್ತು. ಫೋರ್‌ಮನ್ ತಾವೂ ಒಮ್ಮೆ ಇಳಿಸಿ ನೋಡಿದರು, ಮತ್ತೊಮ್ಮೆ ಇಳಿಸಿದರು. "ಇಷ್ಟೇನಾ?" ಎಂದರು.

ನಮ್ಮ ಕ್ಯಾರವಾನಿನಲ್ಲಿ ಸಲೈನ್ ಬಾಟಲಿಗಳ ಪೆಟ್ಟಿಗೆಗಳೆಲ್ಲ ಹಿಂದಿನ ಕಪಾಟಿನಲ್ಲಿದ್ದವು. ನೀರಿನ ಟ್ಯಾಂಕೂ ಹಿಂದೆಯೇ. ಮೂತಿ ಪಿಕಪ್ಪಿನ ಮೇಲೆ ಎಷ್ಟು ಭಾರ ಬಿಡುತ್ತಿದೆ ಎಂದು ತಿಳಿಯಬೇಕಿತ್ತು. ಸಿಸ್ಟರ್ ಕ್ಲಿನಿಕ್ಕಿನ ತೂಕದ ಮಾಪಕ ತಂದರು, ರೋಗಿಗಳನ್ನು ನಿಲ್ಲಿಸಿ ತೂಗುವಂಥದ್ದು. ಅದರ ಮುಳ್ಳು ಅಷ್ಟು ಭಾರ ತಡೆಯಲಾರದೆಂದು ಫೋರ್‌ಮನ್ ಒಂದು ಹಲಗೆ ತಂದು, ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ಮಾಪಕದ ಮೇಲೂ ಇಟ್ಟರು. ಮೂತಿಯನ್ನು ಇಟ್ಟಿಗೆಗೆ ಹತ್ತಿರವಾಗಿ, ಹಲಗೆಯ ಮೂರನೇ ಒಂದು ಭಾಗದಲ್ಲಿ ಇಳಿಸಿದರೆ ಮುಳ್ಳು ತೋರಿಸುವುದರ ಮೂರು ಪಟ್ಟು ನಿಜವಾದ ಭಾರ. ಹಾಗೆ ನೋಡಿದಾಗ ಸಿಕ್ಕಿದ್ದು ನನ್ನ ತೂಕಕ್ಕಿಂತ ಕಡಿಮೆ. "ಈ ಮಗುವಿಗೆ ತೂಕ ಸಾಲದು" ಎಂದು ಸಿಸ್ಟರ್ ನಕ್ಕರು. ಸಲೈನನ್ನು ಗಾಲಿಗಳ ಅಚ್ಚಿಗಿಂತ ಮುಂದಕ್ಕೆ ಸಾಗಿಸಿ, ಹಿಂದಿನ ಟ್ಯಾಂಕನ್ನು ಖಾಲಿ ಮಾಡಿ, ನೀರಿನ ಕ್ಯಾನುಗಳನ್ನು ಮುಂಬಾಗಿಲ ಹತ್ತಿರ ಕಟ್ಟಿ ಮತ್ತೆ ತೂಗಿದೆವು. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮೂತಿಯ ಮೇಲೆ ಬರುವ ತನಕ ಬಿಡಲಿಲ್ಲ. ಆಮೇಲೆ ಅದು ಹಾಗೆ ಕುಣಿದದ್ದು ನಾನು ನೋಡಿಲ್ಲ.

ದಾರಿಯಲ್ಲಿ ಅವರದೊಂದು ಕ್ರಮವಿತ್ತು. ಎಲ್ಲಿ ನಿಂತರೂ ಮೊದಲು ಚಹಾ ಅಲ್ಲ, ಒಂದು ಸುತ್ತು. ಕೊಂಡಿ, ಅದರ ಪಿನ್ನು, ಮೂತಿಯ ಕೆಳಗೆ ಕತ್ತರಿಯಂತೆ ಹೆಣೆದ ಎರಡು ಸರಪಳಿ, ದೀಪದ ವಯರು. ಆಮೇಲೆ ಒಂದೊಂದೇ ಗಾಲಿಯ ಬಳಿ ಬಗ್ಗಿ ಅಂಗೈಯ ಹಿಂಭಾಗವನ್ನು ಟಯರಿಗೂ ನಡುವಿನ ಕಬ್ಬಿಣಕ್ಕೂ ತಾಗಿಸುತ್ತಿದ್ದರು, ಮಕ್ಕಳ ಹಣೆ ಮುಟ್ಟಿದ ಹಾಗೆ. ಒಂದು ಗಾಲಿ ಉಳಿದವುಗಳಿಗಿಂತ ಬಿಸಿಯಿದ್ದರೆ "ಇದಕ್ಕೆ ಜ್ವರ ಉಂಟು" ಎನ್ನುತ್ತಿದ್ದರು. ಒಮ್ಮೆ ಹಾಗೆ ಹೇಳಿದ ಗಾಲಿಯನ್ನು ಬಿಚ್ಚಿ ನೋಡಿದಾಗ ಬೇರಿಂಗ್ ಒಣಗಿ ನೀಲಿಗಟ್ಟಿತ್ತು.

ಓಡುವ ಕ್ಯಾರವಾನಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಆ ಕ್ರಮವನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂಬುದು ಒಂದು ಮಧ್ಯಾಹ್ನ ಗೊತ್ತಾಯಿತು.

ಬೆಟ್ಟದ ಮೇಲಿನ ಕ್ಯಾಂಪಿನಲ್ಲಿ ಮೋರಿಯ ಕೆಲಸ ನಡೆಯುತ್ತಿತ್ತು. ಸಿಮೆಂಟಿನ ದೊಡ್ಡ ಕೊಳವೆಯೊಂದು ಉರುಳಿ ನಲ್ಗೊಂಡ ಕಡೆಯ ಒಬ್ಬ ಮೇಸ್ತ್ರಿಯ ತೊಡೆಯ ಮೇಲೆ ಬಿತ್ತು. ಹೊತ್ತು ತಂದು ನಮ್ಮ ಕ್ಯಾರವಾನಿನ ಮಂಚದ ಮೇಲೆ ಮಲಗಿಸಿದರು. ಮೂಳೆ ಮುರಿದಿತ್ತು, ತೊಡೆ ಊದುತ್ತಿತ್ತು, ನಾಡಿ ಓಡುತ್ತಿತ್ತು. ಸಿಸ್ಟರ್ ಹಲಗೆ ಕಟ್ಟಿ, ನೋವಿಗೆ ಸೂಜಿ ಕೊಟ್ಟು, ಸಲೈನ್ ಏರಿಸಿದರು. ಒಳಗೊಳಗೇ ರಕ್ತ ಹೋಗುತ್ತಿರಬೇಕು, ತಡ ಮಾಡಿದರೆ ಉಳಿಯುವುದಿಲ್ಲ ಎಂದು ನನಗೆ ತುಳುವಿನಲ್ಲಿ ಹೇಳಿದರು. ಕ್ಯಾರವಾನು ಪಿಕಪ್ಪಿಗೆ ಕಟ್ಟಿಯೇ ಇತ್ತು. ಸೈಟ್ ಸೂಪರ್‌ವೈಸರ್ ಬಾಗಿಲು ಮುಚ್ಚಲು ಬಂದರು. "ಮಲಗಿದ್ದಾನಲ್ಲ, ಹಾಗೇ ಹೊರಡಿ. ಯಲ್ಲಾ ಸಿಸ್ಟರ್, ಯಲ್ಲಾ."

"ನಹೀಂ. ಇಸ್ಕೋ ಉತಾರೋ. ಪಿಕಪ್ ಮೇಂ ಡಾಲೋ." ಅವನನ್ನು ಇಳಿಸಿ ಪಿಕಪ್ಪಿಗೆ ಹಾಕಿ ಎಂದರು ಸಿಸ್ಟರ್.

ಸುತ್ತ ನಿಂತವರು ಗೊಣಗಿದರು. ಹಾಸಿಗೆಯಿರುವ ಗಾಡಿ ಬಿಟ್ಟು ಬಿಸಿಲಿನಲ್ಲಿ ತೆರೆದ ಪಿಕಪ್ಪೇ? ನನಗೂ ಅದೇ ಅನಿಸಿತು. ಸಿಸ್ಟರ್ ನನ್ನ ಕಡೆ ತಿರುಗಿದರು. "ಇದನ್ನು ಎಳೆದುಕೊಂಡು ಈ ಇಳಿಜಾರಿನಲ್ಲಿ ನಾನು ಆಮೆಯ ಹಾಗೆ ಹೋಗಬೇಕು. ಬೇಗ ಹೋದ್ರೆ ಇದು ಕುಣೀತದೆ, ಒಳಗೆ ಇವನಿರ್ತಾನೆ. ಅವನಿಗೆ ಏನಾದ್ರೂ ಆದ್ರೆ ನನಗೆ ಗೊತ್ತೂ ಆಗುವುದಿಲ್ಲ. ಕಲ್ಲು ತನ್ನಿ."

ಕಲ್ಲು ಯಾಕೆಂದರೆ, ಕ್ಯಾರವಾನು ಇಳಿಜಾರಿನಲ್ಲಿತ್ತು. ಅದರ ಕೆಳಗೆ ಕಾರ್ಮಿಕರ ಡೇರೆಗಳಿದ್ದವು. ಜನ ಯಲ್ಲಾ ಯಲ್ಲಾ ಎಂದು ಕೂಗುತ್ತಿದ್ದಂತೆಯೇ ನಾನು ನಾಲ್ಕೂ ಗಾಲಿಗಳಿಗೆ ಕಲ್ಲು ಕೊಟ್ಟೆ. ಅವರು ಒಂದೊಂದನ್ನೂ ಕಾಲಿನಿಂದ ಒದ್ದು ನೋಡಿದರು. ಮೂತಿಯ ಕೆಳಗಿನ ಜಾಕಿ ಇಳಿಸಿ, ವಯರು ಕಿತ್ತು, ಕೊಂಡಿ ಬಿಡಿಸಿ, ಕೊನೆಗೆ ಸರಪಳಿ ತೆಗೆದರು. ಅಷ್ಟು ಹೊತ್ತು ನನಗೆ ಒಂದು ಯುಗದಂತೆ ಕಂಡಿತು. ಆ ಮೇಸ್ತ್ರಿ ಮಾತ್ರ ಒಳಗೆ ಮಂಚದ ಮೇಲೆ ಸೂರು ನೋಡುತ್ತ ಏನೋ ಗುನುಗುತ್ತಿದ್ದ.

ಅವನನ್ನು ಹಾಸಿಗೆ ಸಮೇತ ಪಿಕಪ್ಪಿನಲ್ಲಿ ಮಲಗಿಸಿದೆವು. ಇಬ್ಬರು ಟಾರ್ಪಾಲು ಎತ್ತಿ ಹಿಡಿದು ನೆರಳು ಮಾಡಿದರು. ನಾನು ಸಲೈನ್ ಬಾಟಲಿ ಹಿಡಿದು ಅವನ ತಲೆಯ ಹತ್ತಿರ ಕೂತೆ. ಸಿಸ್ಟರ್ ಹಿಂದಿನ ಗಾಜನ್ನು ತೆರೆದಿಟ್ಟು, ತಿರುವಿಗೊಮ್ಮೆ "ನಾಡಿ ಹೇಗುಂಟು? ಮಾತಾಡ್ತಾನಾ?" ಎಂದು ಕೇಳುತ್ತ ಓಡಿಸಿದರು. ದಾರಿಯಲ್ಲಿ ಎರಡು ಸಲ ಅವನ ನಾಡಿ ನನ್ನ ಬೆರಳಿಗೆ ಸಿಗದೆ ಹೋಯಿತು. ಎರಡು ಸಲವೂ ಗಾಡಿ ನಿಲ್ಲಿಸಿ, ಹತ್ತಿ ಬಂದು, ಬಾಟಲಿ ಬದಲಿಸಿ, ಕಾಲ ಕೆಳಗೆ ಏನಾದರೂ ಎತ್ತರಕ್ಕೆ ಕೊಟ್ಟು ಮತ್ತೆ ಹೊರಟರು. ಕ್ಯಾರವಾನಿನೊಳಗೆ ಅವನೊಬ್ಬನನ್ನೇ ಮುಚ್ಚಿ ತಂದಿದ್ದರೆ ಏನಾಗುತ್ತಿತ್ತು ಎಂದು ನನಗೆ ಆಗ ಹೊಳೆಯಿತು.

ಕೆಳಗಿನ ಊರಿನ ಆಸ್ಪತ್ರೆಯವರು ಅವನನ್ನು ಉಳಿಸಿದರು. ಕಾಲೂ ಉಳಿಯಿತು, ತುಸು ಕುಂಟು ಬಂತು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಸಿಸ್ಟರ್ ಡಾಕ್ಟರರನ್ನು ಕೇಳಿಕೊಂಡು ಎಕ್ಸ್‌ರೇ ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮದ್ದು ತುಂಬಿದ ಕ್ಲಿನಿಕ್ಕನ್ನು ಬೆಟ್ಟದಲ್ಲಿ ಬಿಟ್ಟು ಬಂದದ್ದಕ್ಕೆ ಮ್ಯಾನೇಜರ್ ಮರುದಿನ ವಿವರಣೆ ಕೇಳಿದಾಗ, "ಬೀಗ ಹಾಕಿ ಬಂದಿದ್ದೇನೆ ಸರ್. ಗಾಲಿಗೆ ಕಲ್ಲೂ ಇಟ್ಟಿದ್ದೇನೆ" ಎಂದರು. 

ನನಗೆ ಗಾಡಿ ಓಡಿಸಲು, ಎಳೆಯಲು ಕಲಿಸಿದವರು ಅವರೇ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೊರಟಾಗ ಆ ಪಿಕಪ್ಪಿನ ಕೀಲಿಕೈ ನನ್ನ ಕೈಗೆ ಬಂತು. ಇಂದಿಗೂ ಯಾವುದಾದರೂ ಕೆಟ್ಟು ನಿಂತರೆ ನಾನು ಬೈಯುವ ಮೊದಲು ಸ್ವಲ್ಪ ಹೊತ್ತು ಅದನ್ನು ಸುಮ್ಮನೆ ನೋಡುತ್ತೇನೆ. ಇದು ಅವರಿಂದ ಬಂದ ಅಭ್ಯಾಸ, ನನ್ನದಲ್ಲ.

ಊರಿಗೆ ಹೋದ ಮೂರ್ನಾಲ್ಕು ವರ್ಷಗಳಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ನನಗೆ ಸುದ್ದಿ ತಲುಪಿದ್ದು ತಡವಾಗಿ. ಮುಂದಿನ ರಜೆಯಲ್ಲಿ ಮೂಲ್ಕಿಯ ಹತ್ತಿರ, ಹೈವೇಯಿಂದ ಒಳಗೆ ಅವರು ಕಟ್ಟಿಸಿದ್ದ ಮನೆಗೆ ಹೋದೆ. ಅವರ ಯಜಮಾನರು ಮಸ್ಕತ್ತಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವರು, ಮಾತು ಕಡಿಮೆ. ಅಂಗಳದಲ್ಲಿ ಒಂದು ಸಣ್ಣ ಕಾರಿತ್ತು. ಯಾರು ಓಡಿಸುತ್ತಾರೆ ಎಂದು ಕೇಳಿದೆ.

"ನಾನೇ" ಎಂದರು. "ಗಲ್ಫಿನಲ್ಲಿ ಅಷ್ಟು ವರ್ಷ ಇದ್ದೂ ಸ್ಟಿಯರಿಂಗ್ ಮುಟ್ಟಿದವನಲ್ಲ ನಾನು. ನನಗೆ ಹೆದರಿಕೆ. ಇವಳಿಗೆ ಮಂಗಳೂರಿಗೆ ಚಿಕಿತ್ಸೆಗೆ ಹೋಗಿ ಬರುವುದಿತ್ತಲ್ಲ, ಟ್ಯಾಕ್ಸಿಯವರು ಹೊಂಡಕ್ಕೆಲ್ಲ ಹಾಕ್ತಿದ್ರು, ನೋವಾಗ್ತಿತ್ತು. ನೀವೇ ಕಲೀರಿ ಅಂದಳು. ಪಕ್ಕದ ಸೀಟಲ್ಲಿ ದಿಂಬು ಇಟ್ಟು ಕೂತು ಕಲಿಸಿದಳು. ಒಮ್ಮೆಯೂ ಜೋರು ಮಾಡಲಿಲ್ಲ. ಸ್ಟಿಯರಿಂಗನ್ನು ಇಷ್ಟು ಗಟ್ಟಿ ಹಿಡೀತೀರಲ್ಲ, ಅದು ಎಲ್ಲಿಗೆ ಓಡಿಹೋಗ್ತದೆ ಅಂತ ಅನಿಸ್ತದೆ ನಿಮಗೆ, ಅಂತ ಕೇಳುವಳು. ನಿಜವಾಗಿ ಗೊತ್ತಾಗಬೇಕು ಅಂತಲೇ ಕೇಳುವಳು."

ಚಹಾ ತಣ್ಣಗಾಗುತ್ತಿತ್ತು. ಅವರು ಲೋಟ ಮುಟ್ಟಲಿಲ್ಲ.

"ಬೇರೆ ಯಾರು ಓಡಿಸಿದರೂ ಇವಳು ಕಣ್ಣು ಮುಚ್ಚಿದವಳಲ್ಲ, ನಿಮಗೆ ಗೊತ್ತುಂಟಲ್ಲ. ಒಂದು ದಿವಸ ಆಸ್ಪತ್ರೆಯಿಂದ ಬರುವಾಗ, ಹಳೆಯಂಗಡಿ ದಾಟಿದ ಮೇಲೆ ನೋಡ್ತೇನೆ, ನಿದ್ದೆ. ಬಾಯಿ ಸ್ವಲ್ಪ ತೆರೆದು, ಒಳ್ಳೆ ನಿದ್ದೆ. ರಾತ್ರಿಯೆಲ್ಲ ನಿದ್ದೆ ಬರ್ತಿರಲಿಲ್ಲ ಆಗ ಅವಳಿಗೆ. ನಮ್ಮ ತಿರುವು ಬಂತು. ತಿರುಗಿಸಿದ್ರೆ ಮಣ್ಣಿನ ದಾರಿ, ಎಚ್ಚರ ಆಗ್ತದೆ. ನಾನು ತಿರುಗಿಸಲಿಲ್ಲ. ನೇರ ಹೋದೆ. ಪಡುಬಿದ್ರೆ ದಾಟಿ, ಕಾಪು ತನಕ ಹೋಗಿ, ಅಲ್ಲಿ ಅಗಲ ಜಾಗ ನೋಡಿ ನಿಧಾನ ತಿರುಗಿಸಿಕೊಂಡು ಬಂದೆ. ಅವಳಿಗೆ ಗೊತ್ತೇ ಆಗಲಿಲ್ಲ."