ಬಿಚ್ಚಿಟ್ಟ ತಂತಿಯ ಜವಾಬು

ಮಾನ್ಯ ಓದುಗರ ಸನ್ನಿಧಿಗೆ, ಸೇಡಂ ತಾಲ್ಲೂಕಿನ ಆಡಕಿಯವನಾದ ಒಬ್ಬ ನಿವೃತ್ತ ಎಲೆಕ್ಟ್ರಿಷಿಯನ್ನನ ವಿನಮ್ರ ನಿವೇದನೆ.

ಮೊಟ್ಟಮೊದಲಿಗೆ ಕ್ಷಮೆ ಬೇಡುತ್ತೇನೆ. ನನ್ನ ಕೈ ಇಕ್ಕಳಕ್ಕೆ ಹೊಂದಿಕೊಂಡಷ್ಟು ಲೇಖನಿಗೆ ಹೊಂದಿಕೊಂಡಿಲ್ಲ. ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದಿರಬಹುದು. ಒತ್ತು, ದೀರ್ಘಗಳು ಇರಬೇಕಾದಲ್ಲಿ ಇಲ್ಲದೆ, ಬೇಡವಾದಲ್ಲಿ ಬಂದು ಕುಳಿತಿರಬಹುದು. ಇದುವರೆಗೆ ನಾನು ಬರೆದದ್ದೆಲ್ಲ ರಜೆಯ ಅರ್ಜಿ, ಸಾಮಾನಿನ ಬೇಡಿಕೆ ಹಾಗೂ ಯಂತ್ರ ಕೆಟ್ಟಾಗ ಸಲ್ಲಿಸುವ ವರದಿ ಮಾತ್ರ. ಬೇರೆ ಕ್ರಮ ತಿಳಿಯದ ಕಾರಣ ಈ ಸಂಗತಿಯನ್ನೂ ಅದೇ ಕ್ರಮದಲ್ಲಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಇಂಥ ಸಂಗತಿಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ ಎಂಬುದನ್ನು ಮೊದಲೇ ತಿಳಿಸುವುದು ನ್ಯಾಯ. ನಮ್ಮೂರಲ್ಲಿ ಯಾರಿಗಾದರೂ ಗಾಳಿ ಸೋಕಿತು ಎಂದರೆ, "ಅವನಿಗೆ ಅರ್ಥಿಂಗ್ ಸರಿ ಇಲ್ಲ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ತಂತಿಯಲ್ಲಿ ಕರೆಂಟು ಇದ್ದರೆ ಟೆಸ್ಟ್ ಲ್ಯಾಂಪು ಹತ್ತುತ್ತದೆ, ಇಲ್ಲದಿದ್ದರೆ ಹತ್ತುವುದಿಲ್ಲ. ಈ ಎರಡನ್ನು ಬಿಟ್ಟು ಮೂರನೆಯ ಸ್ಥಿತಿ ಇದೆ ಎಂದು ಯಾರಾದರೂ ಹೇಳಿದ್ದರೆ ಅಂಥವರಿಗೆ ನನ್ನ ಕೆಲಸ ಗೊತ್ತಿಲ್ಲ ಎಂದು ಭಾವಿಸುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಶಹಾಬಾದದಿಂದ ವಾಡಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಸಿಮೆಂಟಿನ ಕೊಳವೆಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇತ್ತು. ಈಗ ಅದು ಇಲ್ಲವಾದ್ದರಿಂದ ಹೆಸರಿನ ಅಗತ್ಯವಿಲ್ಲ. ನಾನು ಅಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇವೆಯಲ್ಲಿದ್ದೆ. ಕಾಂಕ್ರೀಟು ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಅದರದೇ ಚೌಕ ಗಟ್ಟಿಗಳನ್ನು ಹೊಯ್ದು, ಪ್ರಯೋಗಶಾಲೆಯ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು, ಕೆಲವು ದಿನಗಳ ನಂತರ ಯಂತ್ರದಲ್ಲಿಟ್ಟು ಒಡೆಯುತ್ತಿದ್ದರು. ಅವಕ್ಕೆ ಕ್ಯೂಬುಗಳೆಂದು ಹೆಸರು. ತೊಟ್ಟಿಯ ನೀರು ಚಳಿಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಹದದಲ್ಲಿರಬೇಕು. ಹದ ತಪ್ಪಿದರೆ ಕ್ಯೂಬುಗಳು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಬಿಸಿಲಿನ ನಾಡಿನಲ್ಲಿ ಅದು ಸುಲಭದ ಮಾತಲ್ಲ.

ಇದಕ್ಕಾಗಿ ಬೊಂಬಾಯಿಯಿಂದ ಒಂದು ಹಳೆಯ ಯಂತ್ರವನ್ನು ತರಿಸಿದ್ದರು. ಕಾರ್ಖಾನೆಯ ಹಿಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟ ಆಳವಾದ ಖಣಿಯೊಂದು ನೀರು ತುಂಬಿಕೊಂಡು ನಿಂತಿತ್ತು. ಚಳಿಗಾಲದಲ್ಲಿ ಸದರಿ ಯಂತ್ರವು ಆ ನೀರಿನ ಕಾವನ್ನು ಎಳೆದು ತೊಟ್ಟಿಗೆ ಕೊಡುತ್ತಿತ್ತು. ಬೇಸಿಗೆಯಲ್ಲಿ ತೊಟ್ಟಿಯ ಕಾವನ್ನು ಎಳೆದು ಖಣಿಯ ನೀರಿಗೆ ಬಿಡುತ್ತಿತ್ತು. ಕೂಲಿಗಳು ಅದನ್ನು ಉಲ್ಟಾ ಮಶೀನು ಎಂದು ಕರೆಯುತ್ತಿದ್ದರು.

ಅದರ ಕಂಟ್ರೋಲ್ ಬೋರ್ಡು ಪ್ರಯೋಗಶಾಲೆಯ ಗೋಡೆಗಿತ್ತು. ನೀರೆಳೆಯುವ ಪಂಪು ಖಣಿಯೊಳಗಿನ ಕಲ್ಲಿನ ಮೆಟ್ಟಿಲ ಮೇಲಿತ್ತು. ಇಲ್ಲಿಂದ ಅದು ಕಾಣುತ್ತಿರಲಿಲ್ಲ. ಹಸಿರು ಗುಂಡಿ ಒತ್ತಿದರೆ ಮೊದಲು ಅಲ್ಲಿ ಪಂಪಿನ ಪಟ್ಟಾ, ಅಂದರೆ ಗಾಲಿಗೆ ಹಾಕಿದ ಬೆಲ್ಟು, ತಿರುಗುವುದು. ಕೊಳವೆಯಲ್ಲಿ ನೀರು ಹರಿದಾಗ ಒಳಗಿನ ತೆಳುವಾದ ತಗಡೊಂದು ವಾಲುವುದು. ತಗಡು ವಾಲಿದರೆ ಬೋರ್ಡಿನಲ್ಲಿರುವ ರಿಲೇ ಎಂಬ ಸಣ್ಣ ಸಾಧನ ಟಕ್ ಎಂದು ಎಳೆದುಕೊಳ್ಳುವುದು. ಅದಾದ ಮೇಲಷ್ಟೇ ದೊಡ್ಡ ಯಂತ್ರ ಆರಂಭವಾಗುವುದು. ಗೊತ್ತುಪಡಿಸಿದ ವೇಳೆಯೊಳಗೆ ನೀರು ಬಾರದಿದ್ದರೆ ಎಲ್ಲವೂ ನಿಂತುಬಿಡುವುದು.

ಪಂಪಿನ ಉಸ್ತುವಾರಿ ಮಹಬೂಬ ಚಾಚಾ ಅವರದು. ಅವರ ಮನೆತನದವರು ತಲೆಮಾರುಗಳಿಂದ ಶಹಾಬಾದದ ಖಣಿಗಳಲ್ಲಿ ದುಡಿದವರು. ಖಣಿಯಲ್ಲಿ ಮದ್ದಿನ ಬತ್ತಿಗೆ ಬೆಂಕಿ ಹಚ್ಚುವ ಮೊದಲು ಮೇಲಿನವನು ಕಬ್ಬಿಣ ಬಡಿಯುವುದು, ಕೆಳಗೆ ಯಾರಾದರೂ ಉಳಿದಿದ್ದರೆ ಕಲ್ಲು ಬಡಿದು ಜವಾಬು ಕೊಡುವುದು ಅವರಲ್ಲಿದ್ದ ಪದ್ಧತಿ. ಜವಾಬಿಗೂ ಒಂದು ರೀತಿ ಇತ್ತು: ಬೇಗ ಬೇಗ ಎರಡು ಪೆಟ್ಟು, ಒಂದು ಉಸಿರಿನಷ್ಟು ಬಿಡುವು, ಮತ್ತೊಂದು ಪೆಟ್ಟು. "ಇದ್ದೇನೆ, ತಡೆ" ಎಂದು ಅದರ ಅರ್ಥ. ಚಾಚಾ ಆ ಪದ್ಧತಿಯನ್ನೇ ಪಂಪಿಗೂ ತಂದಿದ್ದರು. ಪ್ರಯೋಗಶಾಲೆಯ ಹೊರಗಿನ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಅದನ್ನು ಬಡಿದು, ಜವಾಬಿಗೆ ಕಾದು, ಬಾರದಿದ್ದರೆ ಮಾತ್ರ ಗುಂಡಿ ಒತ್ತಬೇಕು. ಇದು ಯಾವ ಆದೇಶದಲ್ಲೂ ಇರಲಿಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ.

ಬೇಸಿಗೆಯ ಒಂದು ಶುಕ್ರವಾರ ಬೆಳಗಿನಿಂದ ಯಂತ್ರ ತಂಟೆ ಮಾಡತೊಡಗಿತು. ಪಂಪು ತಿರುಗುವುದು, ರಿಲೇ ಎಳೆಯುವುದು, ತುಸು ಹೊತ್ತಿನಲ್ಲಿ ಬಿಟ್ಟುಬಿಡುವುದು, ಎಲ್ಲ ನಿಲ್ಲುವುದು. ಬೋರ್ಡಿನಲ್ಲಿ ನೀರಿಗಾಗಿ ಕಾಯುವ ವೇಳೆಯನ್ನು ಸ್ವಲ್ಪ ಹೆಚ್ಚಿಸಿದೆ. ಪ್ರಯೋಜನವಾಗಲಿಲ್ಲ. ಕರೆಂಟು ಕೂಡುವ ಕಾಂಟ್ಯಾಕ್ಟುಗಳನ್ನು ಒರೆಸಿದೆ. ಅದೂ ವ್ಯರ್ಥವಾಯಿತು. ಪಂಪಿನ ಪಟ್ಟಾ ಜಾರುತ್ತಿರಬಹುದೆಂದು ಚಾಚಾ ಅವರಿಗೆ ಹೇಳಿದೆ. ಅವರು ತಲೆಯಾಡಿಸಿ ಹೊರಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಪ್ರಯೋಗಶಾಲೆಯ ಮುಖ್ಯಸ್ಥರಾದ ದೇಶಪಾಂಡೆ ಸಾಹೇಬರ ತಾಳ್ಮೆ ಮುಗಿದಿತ್ತು. ಖರೀದಿದಾರರ ಮುಂದೆ ಒಡೆದು ತೋರಿಸಬೇಕಾದ ಕ್ಯೂಬುಗಳೆಲ್ಲ ಆ ತೊಟ್ಟಿಯಲ್ಲಿದ್ದವು.

"ಏನ್ರಿ ಮೇಸ್ತ್ರಿ, ತೊಟ್ಟ್ಯಾಗ ಚಾಪುಡಿ ಹಾಕಿದ್ರ ಚಹಾ ಆಗ್ತದ ನೋಡ್ರಿ. ನಿಮ್ಮ ಮಶೀನಿಗಿ ಇವತ್ತ ಉಪಾಸ ಏನು?" ಎಂದರು.

"ಪಂಪ್ ಒಂದೇ ಚಾಲೂ ಮಾಡಿ ನೋಡ್ತೀನ್ರಿ. ಚಾಚಾ ಎಲ್ಲಿ ಅದಾರ್ರಿ?"

"ಜುಮ್ಮಾ ಅದಲ್ರಿ, ಮಸೀದಿಗಿ ಹೋಗ್ಯಾನ. ಸೈಕಲ್ಲೂ ಇಲ್ಲ."

ಸೈಕಲ್ಲು ನಿಲ್ಲಿಸುವ ಜಾಗ ಬರಿದಾಗಿದ್ದುದನ್ನು ನಾನೂ ನೋಡಿದೆ. ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಲು, ದೊಡ್ಡ ಯಂತ್ರ ಆರಂಭವಾಗದೆ ಪಂಪು ಮಾತ್ರ ತಿರುಗಲೆಂದು, ಖಣಿಯ ಕೊಳವೆಯಿಂದ ರಿಲೇಗೆ ಬರುವ ತಂತಿಯನ್ನು ಬೋರ್ಡಿನಿಂದ ಬಿಚ್ಚಿದೆ. ಅದರ ತುದಿಗೆ ಟೇಪು ಸುತ್ತಿ ಪಕ್ಕಕ್ಕೆ ಬಗ್ಗಿಸಿಟ್ಟೆ. ಈ ವಿವರವನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕಾಗಿ ಕೋರುತ್ತೇನೆ. ಆ ತಂತಿಯೊಂದನ್ನು ಬಿಟ್ಟರೆ ರಿಲೇಗೆ ಕರೆಂಟು ಬರುವ ಬೇರೆ ದಾರಿ ಇರಲಿಲ್ಲ.

ಹೊರಗೆ ಹೋಗಿ ಹಳಿ ಬಡಿದೆ. ಕಾದೆ. ಖಣಿಯಿಂದ ಯಾವ ಸದ್ದೂ ಬರಲಿಲ್ಲ. ಬಿಸಿಲಿಗೆ ಕಾಗೆಗಳೂ ಸುಮ್ಮನಿದ್ದವು. ದೂರದಲ್ಲಿ ವಾಡಿಯ ಕಡೆ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು ಮಾತ್ರ ಇತ್ತು. ಪದ್ಧತಿಯ ಪ್ರಕಾರ ಇನ್ನು ಗುಂಡಿ ಒತ್ತಬಹುದಾಗಿತ್ತು. ಒಳಗೆ ಬಂದು, ಬೆವರಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಬೆರಳನ್ನು ಹಸಿರು ಗುಂಡಿಯ ಮೇಲಿಟ್ಟೆ.

ಆಗ ರಿಲೇ ಎಳೆಯಿತು. ಟಕ್ ಟಕ್. ತುಸು ಬಿಡುವು. ಟಕ್.

ನಾನು ಬೆರಳು ತೆಗೆದೆ.

"ಒತ್ರಿ, ಏನ್ ನೋಡ್ಲಿಕತ್ತೀರಿ?"

"ಸಾಹೇಬ್ರ, ರಿಲೇ ಎಳೀತ್ರಿ."

"ಛಲೋ ಆತಲ್ಲ ಮತ್ತ. ರಿಪೇರಿ ಆತು."

"ತಂತಿ ಬಿಚ್ಚಿಟ್ಟೀನ್ರಿ."

ಅವರು ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಬಂದರು. ಬಿಚ್ಚಿದ ತುದಿ ನಾನಿಟ್ಟಲ್ಲಿಯೇ ಇತ್ತು. ರಿಲೇಯಲ್ಲಿ ತಂತಿ ಕೂರಿಸುವ ಮೊಳೆಗೆ ಟೆಸ್ಟ್ ಲ್ಯಾಂಪು ಹಿಡಿದೆ, ಹತ್ತಲಿಲ್ಲ. ಲ್ಯಾಂಪು ಕಪ್ಪಗೆ ನನ್ನ ಕೈಯಲ್ಲಿರುವಾಗಲೇ ರಿಲೇಯ ಕಬ್ಬಿಣದ ನಾಲಗೆ ಕಣ್ಣೆದುರೇ ಅಲುಗಿತು. ಟಕ್ ಟಕ್. ಟಕ್. ಮೊದಲಿನದೇ ಅಳತೆ, ಮೊದಲಿನದೇ ಬಿಡುವು.

"ಹಲ್ಲಿ ಹೊಕ್ಕಿರಬೇಕು," ಎಂದರು ಸಾಹೇಬರು. ಆದರೆ ಅವರ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ನಾನು ಮುಚ್ಚಳ ಪೂರ್ತಿ ತೆಗೆದು ತೋರಿಸಿದೆ. ಹಲ್ಲಿ ಇರಲಿಲ್ಲ. ಇಬ್ಬರೂ ನೋಡುತ್ತಿರುವಂತೆಯೇ ಅದು ಮೂರನೆಯ ಸಲ ಎಳೆಯಿತು. ಈ ಸಲ ಕೊನೆಯ ಪೆಟ್ಟು ಬಹಳ ಸಣ್ಣದಾಗಿತ್ತು.

ಆಗ ನನಗಾದದ್ದು ಭಯವಲ್ಲ. ದೊಡ್ಡವರೊಬ್ಬರು ಬಂದು ಎದುರು ನಿಂತಾಗ ಕುಳಿತಲ್ಲಿಂದ ತಾನಾಗಿ ಏಳುತ್ತೇವಲ್ಲ, ಅಂಥದ್ದೇನೋ ಆಯಿತು. ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದೆ.

"ಖಣಿಗಿ ಇಳದು ನೋಡಿ ಬರ್ತೀನ್ರಿ," ಎಂದೆ.

"ಮಸೀದ್ಯಾಗಿನ ಮನಷ್ಯಾನ್ನ ಖಣ್ಯಾಗ ಹುಡುಕ್ತೀರಿ?" ಎಂದು ಸಾಹೇಬರು ಕೇಳಿದರು. ಹಾಗೆ ಕೇಳುತ್ತಲೇ ನನ್ನ ಹಿಂದೆ ಹೊರಟರು, ಬರಿದಲೆಯಲ್ಲಿ.

ಚಾಚಾ ಪಂಪಿನ ಪಕ್ಕದಲ್ಲಿ ಬಿದ್ದಿದ್ದರು. ನಮಾಜಿಗೆ ಹೋಗುವ ಮುನ್ನ ಪಟ್ಟಾ ಬಿಗಿಮಾಡಿ ಹೋಗೋಣವೆಂದು ಇಳಿದವರು, ಬಿಸಿಲಿಗೆ ತಲೆ ತಿರುಗಿ ಮುಂದಕ್ಕೆ ಕುಸಿದಿದ್ದರು. ಬಲಗೈ ಮೊಣಕೈಯವರೆಗೆ ಪಟ್ಟಾ ಮತ್ತು ಗಾಲಿಯ ನಡುವೆ ಸಿಕ್ಕಿಕೊಂಡಿತ್ತು, ಎಡಗೈ ಮೈಕೆಳಗಿತ್ತು. ಹೆಗಲ ಮೇಲಿನ ವಸ್ತ್ರದ ತುದಿಯೂ ಗಾಲಿಗೆ ಸುತ್ತಿಕೊಂಡಿತ್ತು. ಸೈಕಲ್ಲನ್ನು ಅವರ ಅಳಿಯ ಒಯ್ದಿದ್ದನೆಂದು ನಂತರ ತಿಳಿಯಿತು. ನಾನು ಗುಂಡಿ ಒತ್ತಿದ್ದರೆ ಮೊದಲು ಆ ಕೈ, ಆಮೇಲೆ ಕೊರಳು. ಅದಕ್ಕಿಂತ ಮುಂದಕ್ಕೆ ಬರೆಯಲು ನನ್ನಿಂದ ಆಗದು.

ಪಟ್ಟಾ ಕತ್ತರಿಸಿ ಅವರನ್ನು ಬಿಡಿಸಿದೆವು. ಕೂಲಿಗಳ ನೆರವಿನಿಂದ ಮೇಲಕ್ಕೆ ತಂದು ಶಹಾಬಾದದ ದವಾಖಾನೆಗೆ ಒಯ್ದೆವು. ಉಳಿದರು. ಕೈಯೂ ಉಳಿಯಿತು.

ಮರುದಿನದಿಂದ ನಾನು ಆ ಬೋರ್ಡಿನ ತನಿಖೆಗೆ ತೊಡಗಿದೆ. ತಂತಿ ಬಿಚ್ಚಿಟ್ಟು, ಗೂಡ್ಸ್ ಗಾಡಿ ಹೋಗುವಾಗ ಕಾದು ನೋಡಿದೆ, ರಿಲೇ ಅಲುಗಲಿಲ್ಲ. ಬೋರ್ಡನ್ನು ಮುಷ್ಟಿಯಿಂದ ಗುದ್ದಿದೆ. ಪಕ್ಕದ ತಂತಿಗಳಲ್ಲಿ ಕರೆಂಟು ಹರಿಸಿದೆ. ಕರೆಂಟನ್ನು ಇಳಿಸಿ ಏರಿಸಿ ನೋಡಿದೆ. ಒದ್ದೆ ಬಟ್ಟೆಯನ್ನೂ ಒತ್ತಿದೆ. ಕೊನೆಗೆ ಬೇರೆ ರಿಲೇ ಹಾಕಿ, ಹಳೆಯದನ್ನು ಬಿಚ್ಚಿ ಮೇಜಿನ ಮೇಲೆ ತುಣುಕು ತುಣುಕಾಗಿ ಹರಡಿಕೊಂಡು ಕುಳಿತೆ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ದೇಶಪಾಂಡೆ ಸಾಹೇಬರು ಹಾದುಹೋಗುವಾಗ ಒಮ್ಮೆ ನಿಂತು, "ಸಿಕ್ತೇನ್ರಿ?" ಎಂದರು. ಇಲ್ಲವೆಂದೆ. ಅವರು ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಚಾಚಾ ದವಾಖಾನೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ರಿಲೇಯ ಸಂಗತಿಯನ್ನು ನಾನಾಗಲಿ ಸಾಹೇಬರಾಗಲಿ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಚಾಚಾ ಗೋಡೆಗೆ ಒರಗಿ, ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕುಳಿತಿದ್ದರು.

"ಬಾ ಬೇಟಾ, ಕುಂದುರು. ನಿಮ್ಮ ಚಾಚಿ ನನಗ ತುತ್ತು ಮಾಡಿ ಉಣ್ಣಸ್ಲಿಕತ್ತ್ಯಾಳ. ಲಗ್ನ ಆದಾಗೂ ಉಣ್ಣಿಸಿರ್ಲಿಲ್ಲ."

ಒಳಗಿನಿಂದ ಚಾಚಿ, "ಕೈ ನೆಟ್ಟಗಾಗ್ಲಿ, ಎಲ್ಲಾ ವಸೂಲ್ ಮಾಡ್ತೀನಿ," ಎಂದರು.

ಚಹಾ ಬಂತು. ನಾನು ಏನೂ ಕೇಳಿರಲಿಲ್ಲ. ಅವರೇ ಮಾತು ತೆಗೆದರು.

"ನೀ ಹಳಿ ಬಡದಿದ್ದು ಕೇಳ್ಸಿತ್ತು ಬೇಟಾ. ಕಣ್ಣಿಗಿ ಕತ್ತಲಿ ಬಂದಿತ್ತು, ಕಿವಿ ಇತ್ತು."

"ಮತ್ತ ಜವಾಬ್ ಕೊಟ್ರಿ ಏನು ಚಾಚಾ?"

"ಎಲ್ಲೀ ಜವಾಬು. ಒಂದ್ ಕೈ ಪಟ್ಟಾದಾಗ, ಒಂದ್ ಕೈ ಮೈ ಕೆಳಗ. ಬಾಯಾಗ ದನಿ ಇಲ್ಲ. ಆದ್ರ ಹಳಿ ಕೇಳ್ಸಿದ ಮ್ಯಾಲ ಜವಾಬ್ ಕೊಡ್ಲಾರ್ದ ಹ್ಯಾಂಗ್ ಇರ್ಲಿ? ಸಣ್ಣಾಂವ ಇದ್ದಾಗಿಂದ ರೂಢಿ. ಮನಸಿನ್ಯಾಗ ಬಡದೆ. ಎರಡು, ಆಮ್ಯಾಲ ಒಂದು. ಪಟ್ಟಾ ತಿರಗ್ಲಿಲ್ಲ. ಮತ್ತ ಬಡದೆ. ಮೂರ್ನೇ ಸಲಕ್ಕ ಭಾಳ ಸುಸ್ತಾತು. ಆಮ್ಯಾಲಿಂದು ನೆಪ್ಪಿಲ್ಲ."

ನನ್ನ ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟೆ. ಬೋರ್ಡಿನ ಮುಂದೆ ನಡೆದದ್ದನ್ನು ಮೊದಲಿನಿಂದ ಹೇಳಿದೆ. ತಂತಿ ಬಿಚ್ಚಿದ್ದನ್ನು, ಲ್ಯಾಂಪು ಹತ್ತದಿದ್ದುದನ್ನು, ಮೂರನೆಯ ಸಲದ ಸಣ್ಣ ಪೆಟ್ಟನ್ನು ಹೇಳಿದೆ. ಚಾಚಿ ಬಾಗಿಲಲ್ಲಿ ಬಂದು ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. ಚಾಚಾ ಮಾತ್ರ, ಕರೆಂಟು ಯಾವಾಗ ಬಂತು ಎಂಬ ಮಾತು ಕೇಳಿಸಿಕೊಳ್ಳುವವರಂತೆ ಸಹಜವಾಗಿ ತಲೆದೂಗುತ್ತಿದ್ದರು. ನಾನು ಮುಗಿಸಿದ ಮೇಲೆ ಹೇಳಿದರು:

"ನಿನಗ ಕೇಳ್ಸ್ತಲ್ಲ, ಬಸ್. ನನ್ನ ಕೆಲಸ ಜವಾಬ್ ಕೊಡೋದು, ಕೊಟ್ಟೀನಿ. ತಂತಿದ್ದು ನಿನ್ನ ಕೆಲಸ. ಅದು ನೀ ನೋಡ್ಕೋ."

ಅಂದಿನಿಂದ ಇಂದಿನವರೆಗೆ ನಾನು ಅದನ್ನು ನೋಡುತ್ತಲೇ ಇದ್ದೇನೆ. ಸೇಡಂನಲ್ಲಿ, ಚಿಂಚೋಳಿಯಲ್ಲಿ, ಮುಂದೆ ಕೆಲಸಕ್ಕೆ ಹೋದ ಕಡೆಗಳಲ್ಲೆಲ್ಲ ಎಷ್ಟೋ ಬೋರ್ಡುಗಳನ್ನು ಬಿಚ್ಚಿ ಜೋಡಿಸಿದೆ. ಬಲ್ಲವರನ್ನು ಕೇಳಿದೆ. ಕೆಲವರು ಬಿಸಿಲಿನ ಭ್ರಮೆ ಎಂದರು. ಭ್ರಮೆ ಇಬ್ಬರಿಗೆ ಒಂದೇ ಅಳತೆಯಲ್ಲಿ ಬರುವುದೇ ಎಂದು ಕೇಳಿದೆ. ಕೆಲವರು ದೇವರು ಎಂದರು. ಇರಬಹುದು. ಆದರೆ ದೇವರು ಯಾವ ಮೊಳೆಯಿಂದ ಒಳಗೆ ಬಂದ ಎಂದು ಕೇಳುವುದು ನನ್ನ ಕಸುಬಿನ ಗುಣ. ಅದಕ್ಕೆ ಉತ್ತರ ಸಿಕ್ಕಿಲ್ಲ.

ಆದಕಾರಣ ಓದುಗರಲ್ಲಿ ಪ್ರಾರ್ಥಿಸುವುದೇನೆಂದರೆ, ಈ ಬರಹದಲ್ಲಿ ಕಾಗುಣಿತದ ತಪ್ಪು ಕಂಡಲ್ಲಿ ತಿದ್ದಿಕೊಳ್ಳುವುದು. ಬೋರ್ಡು ಬಲ್ಲವರು ತಮ್ಮಲ್ಲಿ ಯಾರಾದರೂ ಇದ್ದು, ನಾನು ತಿಳಿಸಿದ ತಂತಿಯ ವಿವರದಲ್ಲಿ ತಪ್ಪು ಕಂಡರೆ, ರಿಲೇಗೆ ಬರುವ ಯಾವುದೋ ದಾರಿಯೊಂದು ನನ್ನ ಕಣ್ಣಿಗೆ ಬೀಳದೆ ಉಳಿದಿದೆ ಎಂದು ತೋರಿದರೆ, ಅದನ್ನೂ ತಪ್ಪದೆ ತಿದ್ದುವುದು. ನನ್ನ ತಪ್ಪನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಒಪ್ಪಿಕೊಳ್ಳುವುದು ನಿಶ್ಚಯ. ಸಂತೋಷವಾಗುವುದೋ ಇಲ್ಲವೋ, ಹೇಳಲಾರೆ.