ಕೋಟೆಯ ಹವಾ

ಮೈಸೂರಿನಲ್ಲಿ ನಾನು ಎಂ.ಎಸ್ಸಿ. ಓದುತ್ತಿದ್ದ ವರ್ಷ, ಹೆಗ್ಗಡದೇವನಕೋಟೆಯಿಂದ ಅಕ್ಕನನ್ನು ಕರೆತರಲು ಅಪ್ಪ ನನ್ನನ್ನು ಕಳುಹಿಸಿದರು. ಅಕ್ಕನಿಗೆ ಆಗ ನಾಲ್ಕು ತಿಂಗಳು. ಬಾಣಂತನಕ್ಕೆ ಏಳರಲ್ಲಿ ಕರೆಯುವುದು ವಾಡಿಕೆ. ಆದರೆ ಚಳಿಜ್ವರ ಆಗಲೇ ಎರಡು ಸಲ ಅವಳನ್ನು ಮಲಗಿಸಿತ್ತು. ಭಾವ ಅಲ್ಲಿ ಅರಣ್ಯ ಕಚೇರಿಯ ಗುಮಾಸ್ತರು. ಅಷ್ಟು ಬೇಗ ಕಳುಹಿಸಲು ಅವರಿಗೆ ಮನಸ್ಸಿರಲಿಲ್ಲ.

ಕಳುಹಿಸಲೇಬೇಕೆಂದು ಹಟ ಹಿಡಿದವರು ಅವರ ತಾಯಿ. "ಈ ಊರ ಹವಾ ಬಸುರಿಗಾಗಕಿಲ್ಲ ಕಣವ್ವ, ನಾಳೇನೇ ಕರ್ಕಂಡೋಗು" ಅಂದರು. ಸೊಪ್ಪು ಬಿಡಿಸುತ್ತ ನನ್ನ ಓದಿನ ವಿಷಯ ಕೇಳಿದರು. ನಕ್ಷತ್ರಗಳ ಹವಾ ಎಂಥದೆಂದು ಕಂಡುಹಿಡಿಯುವುದು ಎಂದೆ.

"ಅಯ್ಯೋ, ಅಲ್ಲಿಗ್ಯಾರವ್ವ ಹೋಗಿದ್ರು?"

ಹೋಗಬೇಕಿಲ್ಲ, ಬೆಳಕೇ ಇಲ್ಲಿಗೆ ಬರುತ್ತದೆ ಎಂದೆ. ಗಾಜಿನ ಪಟ್ಟಕದಲ್ಲಿ ಹಾಯಿಸಿದರೆ ಅದು ಕಾಮನಬಿಲ್ಲಿನಂತೆ ಹರಡಿಕೊಳ್ಳುತ್ತದೆ. ಬಣ್ಣಗಳ ನಡುವೆ ಸಣ್ಣ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರವನ್ನು ಸುತ್ತಿರುವ ಅನಿಲಗಳು ತಮ್ಮ ಪಾಲಿನ ಬಣ್ಣವನ್ನು ಹಿಡಿದಿಟ್ಟುಕೊಂಡ ಜಾಗ ಅದು. ಗೆರೆಯ ಸ್ಥಾನ ಅಳೆದರೆ, ಅಲ್ಲಿರುವುದು ಕಬ್ಬಿಣವೋ ಸುಣ್ಣದೊಳಗಿನ ಕ್ಯಾಲ್ಸಿಯಮ್ಮೋ ಹೇಳಬಹುದು. ನಮ್ಮ ಭೂಮಿಯ ಹವಾ ಎಳೆದ ಗೆರೆಗಳೂ ಅದರಲ್ಲಿ ಸೇರಿರುತ್ತವೆ. ಅವನ್ನು ಗುರುತಿಸಿ ಬೇರೆ ಇಡಬೇಕು.

"ಅಂಗಾರೆ ನಮ್ಮೂರ ಹವಾದಲ್ಲೇನದೆ, ಹೇಳು ನೋಡಾನ."

"ಮೈಸೂರಲ್ಲಿ ಇರೋದೇ ಇರೋದು. ಹವಾದಲ್ಲಿ ದೋಷ ಇಲ್ಲ. ಜ್ವರ ಬರೋದು ಸೊಳ್ಳೆಯಿಂದ."

ಬಾಗಿಲಲ್ಲಿ ಭಾವ ನಿಂತಿದ್ದರು. "ಕೇಳಿಸ್ಕಂಡ್ಯಾ ಅವ್ವ? ನಕ್ಷತ್ರದ ಹವಾ ಕಂಡೋಳೇ ಹೇಳ್ತಾವ್ಳೆ, ನಮ್ಮೂರ ಹವಾ ಚೆನ್ನಾಗದೆ ಅಂತ. ಸೊಳ್ಳೆ ತಾನೆ? ಪರದೆ ಕಟ್ಟಿದ್ರಾಯ್ತು ಬುಡು."

ಪರದೆಯೊಳಗೆ ಕೂತು ಅಡುಗೆ ಮಾಡಲಾಗದು, ಕರೆದೊಯ್ಯುವುದೇ ಸರಿ ಎಂದೆ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಭಾವನ ತಾಯಿಯ ಹಟ ನಿಂತಿದ್ದದ್ದೇ ಹವಾದ ಭಯದ ಮೇಲೆ. "ಓದ್ದೋಳು ಹೇಳಿದ್ಮೇಲೆ ಇನ್ನೇನು. ಏಳ್ನೇ ತಿಂಗ್ಳಿಗೇ ಬಾರವ್ವ" ಎಂದು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು.

ನಾನೊಬ್ಬಳೇ ಬಸ್ಸಿಗೆ ಹೊರಟಾಗ ಅಕ್ಕ, "ಅತ್ತೆ ಮಾತಿಗೆ ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದಳು, ನಗುತ್ತಲೇ.

ಭಾವ ಮಾತಿಗೆ ತಪ್ಪಲಿಲ್ಲ, ಪರದೆ ತರಿಸಿ ಕಟ್ಟಿದರು. ಆರನೆಯ ತಿಂಗಳಲ್ಲಿ ಜ್ವರ ಮತ್ತೆ ಬಂತು. ಅಪ್ಪನೂ ನಾನೂ ತಲುಪುವಷ್ಟರಲ್ಲಿ ಗರ್ಭ ಇಳಿದುಹೋಗಿತ್ತು. ಮರುದಿನ ಅಕ್ಕನೂ ಹೋದಳು.

ಜಗಲಿಯಲ್ಲಿ ಭಾವನ ತಾಯಿ ಎದೆ ಬಡಿದುಕೊಂಡು, "ಹವಾನೇ ತಿಂದ್ಕಂತಲ್ಲೋ ನನ್ ಸೊಸೇನ. ಕಳಿಸು ಅಂದ್ನಲ್ಲೋ, ಕಳಿಸು ಅಂದ್ನಲ್ಲೋ" ಎಂದು ಮಗನ ಮುಖ ನೋಡಿ ಅಳುತ್ತಿದ್ದರು. ಭಾವ ನನ್ನ ಕಡೆ ತಿರುಗಿದರು. ಹವಾ ಅಲ್ಲ, ಸೊಳ್ಳೆ ಎಂದು ನಾನು ಇನ್ನೊಮ್ಮೆ ಹೇಳಲೆಂದು ಕಾಯುತ್ತಿದ್ದರು.

ನಾನು ಬಾಯಿ ತೆರೆಯಲಿಲ್ಲ.