ಹಿತ್ತಲ ಗೂಡಿನಲ್ಲಿ ನನ್ನ ಕಪ್

ಜೀಪಿನ ಹಾರ್ನ್ ಎರಡು ಸಲ ಆಯಿತೆಂದರೆ ಇಪ್ಪತ್ತು ಕಪ್ ಚಹಾ. ಒಂದೇ ಸಲ ಆದರೆ ಪಪ್ಪಾ ಒಬ್ಬರೇ ಬಂದಿದ್ದಾರೆ ಎಂದರ್ಥ. ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದ ನಮ್ಮ ಓಣಿಯ ತಿರುವಿನಲ್ಲಿ ಆ ‘ಪೋಂ ಪೋಂ’ ಕೇಳಿದ ಕೂಡಲೇ ಅವ್ವ ದೊಡ್ಡ ಪಾತೇಲಿ ಒಲೆಗೆ ಏರಿಸಿಬಿಡುತ್ತಿದ್ದಳು. ನನ್ನ ಬಲಗಿವಿ ಈಗ ಸರಿಯಾಗಿ ಕೇಳುವುದಿಲ್ಲ. ಆದರೂ ಆ ಹಾರ್ನ್ ಮಾತ್ರ ಎಷ್ಟು ಕ್ಲಿಯರ್!

ಒಂದೇ ಸಲ ಆದ ಹಾರ್ನ್ ನನಗೆ ನೆನಪೇ ಇಲ್ಲ.

ಪಪ್ಪಾ ಲೀಡರ್. ನಮ್ಮದು ಬೆಲ್ಲದ ವ್ಯಾಪಾರದ ಲಿಂಗಾಯತ ಮನೆತನ; ಆದರೆ ಪಪ್ಪಾ ಅಂಗಡಿಯ ಗಾದಿ ಬಿಟ್ಟು ಇಚಲಕರಂಜಿಯ ಪವರ್‌ಲೂಮ್ ಕಾರ್ಮಿಕರ ಜೊತೆ ಸೇರಿಕೊಂಡಿದ್ದರು. ಊರಿಗೆಲ್ಲ ಅವರು ‘ಅಣ್ಣಾ’. ವಾರದಲ್ಲಿ ಆರು ದಿನ ಅಲ್ಲಿ, ಒಂದು ದಿನ ಇಲ್ಲಿ. ಆ ಒಂದು ದಿನವೂ ಮನೆ ತುಂಬ ಜನ. ನನ್ನನ್ನು ಏಳನೆಯ ವಯಸ್ಸಿಗೇ ಕೊಲ್ಹಾಪುರದ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ‘ವಾಟ್ ಡಸ್ ಯುವರ್ ಫಾದರ್ ಡೂ?’ ಎಂದು ಸಿಸ್ಟರ್ ಕೇಳಿದಾಗ ನಾನು, ‘ಹಿ ಗಿವ್ಸ್ ಸ್ಪೀಚಸ್, ಸಿಸ್ಟರ್’ ಎಂದಿದ್ದೆನಂತೆ. ಮುಂದೆ ಅದೇ ಕಾನ್ವೆಂಟಿನಲ್ಲಿ ಚಿಕ್ಕ ಮಕ್ಕಳಿಗೆ ಟೀಚರ್ ಆದೆ. ಇಪ್ಪತ್ತೆರಡು ವರ್ಷದವಳಾದರೂ ಮನೆಯಲ್ಲಿ ನನ್ನ ಹೆಸರು ಬೇಬಿ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಎರಡು ತಿಂಗಳಿಂದ ಸಂಜೆಯ ಹೊತ್ತು ಮೈ ಬೆಚ್ಚಗಾಗುತ್ತಿತ್ತು. ಬ್ಲೌಸ್‌ಗಳು ಸಡಿಲಾಗಿದ್ದವು. ಫ್ಯಾಶನ್ ಎಂದುಕೊಂಡು ಖುಷಿಪಟ್ಟಿದ್ದೆ. ಹೌ ಸಿಲ್ಲಿ. ಒಂದು ಬೆಳಿಗ್ಗೆ ಮಕ್ಕಳಿಗೆ ರೈಮ್ ಹೇಳಿಕೊಡುತ್ತಿದ್ದೆ. ಕೆಮ್ಮು ಬಂತು. ಹ್ಯಾಂಕಿ ತೆಗೆದೆ.

ಹ್ಯಾಂಕಿಯ ಮೇಲೆ ರಕ್ತ.

ಸಿಸ್ಟರ್ ನನ್ನನ್ನು ಸ್ಟಾಫ್ ರೂಮಿಗೂ ಬಿಡಲಿಲ್ಲ, ಪಾಪ. ಅವರಿಗೂ ನೂರಾರು ಮಕ್ಕಳ ಜವಾಬ್ದಾರಿ. ಅವ್ವ ಗಡಹಿಂಗ್ಲಜದಿಂದ ಎಸ್.ಟಿ. ಬಸ್ಸು ಹಿಡಿದು ಬಂದಳು. ಪಪ್ಪಾ ಬರಲಿಲ್ಲ, ಇಚಲಕರಂಜಿಯಲ್ಲಿ ಸ್ಟ್ರೈಕ್ ನಡೆದಿತ್ತು. ಡಾಕ್ಟರ್ ಎಕ್ಸ್‌ರೇ ಬೆಳಕಿಗೆ ಹಿಡಿದು, ಬಲಗಡೆಯ ಮೇಲ್ಭಾಗದಲ್ಲಿ ಪೆನ್ಸಿಲ್ ಆಡಿಸಿದರು.

“ಪ್ಯಾಚ್ ಐತಿ. ಟಿ.ಬಿ. ಹೆದರಬ್ಯಾಡ್ರಿ, ಈಗ ಸ್ಯಾನಟೋರಿಯಮ್ಮೇ ಆಗಬೇಕಂತ ಇಲ್ಲ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಪಿ.ಎ.ಎಸ್. ಪುಡಿ, ಗುಳಿಗಿ. ಹದಿನೆಂಟು ತಿಂಗಳು. ಬೆಡ್ ರೆಸ್ಟ್, ಬ್ಯಾರೆ ಖೋಲಿ, ಬ್ಯಾರೆ ಭಾಂಡಿ. ಮತ್ತ ದಿನಾ ಎರಡು ಕೋಳಿತತ್ತಿ.”

ಅವ್ವ ಕಿವಿ ಮುಚ್ಚಿಕೊಂಡಳು. ಟಿ.ಬಿ. ಎಂದಾಗಲ್ಲ. ತತ್ತಿ ಎಂದಾಗ.

“ನಮ್ಮ ಮನ್ಯಾಗ ಆ ಮಾತ ಎತ್ತಾಂಗಿಲ್ರಿ ಡಾಕ್ಟರ್.”

“ಎತ್ತಬ್ಯಾಡ್ರಿ. ತಿನಸ್ರಿ. ಎಂಬತ್ತು ಪೌಂಡ್ ಅದಾಳ ಹುಡಿಗಿ. ತೂಕ ಏರಲಿಲ್ಲಂದ್ರ ನನ್ನ ಇಂಜೆಕ್ಷನ್ ಏನೂ ಮಾಡೂದಿಲ್ಲ.”

ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಇಳಿಯುವಾಗ ಹೇಳಿದಳು: “ಬೇಬಿ ಪರೀಕ್ಷಾಕ ಓದಾಕತ್ತಾಳ ಅಂತ ಹೇಳೂನು. ಕ್ಷಯ ಅಂತ ಗೊತ್ತಾದ್ರ ನಮ್ಮ ಮನ್ಯಾಗ ಯಾರೂ ನೀರ ಕುಡ್ಯಾಂಗಿಲ್ಲ.” ಲೀಡರನ ಮನೆಯಲ್ಲಿ ಜನ ನೀರು ಕುಡಿಯದಿದ್ದರೆ ಅವನು ಎಂಥ ಲೀಡರ್? ಪಪ್ಪಾ ಕೂಡ ಒಪ್ಪಿಕೊಂಡರು. ನನ್ನ ಹಾಸಿಗೆ ಹಿತ್ತಲ ಕಡೆಯ ಖೋಲಿಗೆ ಹೋಯಿತು.

ತತ್ತಿಯ ವ್ಯವಸ್ಥೆ ಮಾಡಿದವಳೂ ಅವ್ವನೇ. ತತ್ತಿ ಮುಟ್ಟಲು ನಮ್ಮವರಲ್ಲಿ ಯಾವ ಹೆಂಗಸೂ ಒಪ್ಪುವಂತಿರಲಿಲ್ಲ, ಕೇಳಿದರೆ ಗುಟ್ಟೂ ಉಳಿಯುತ್ತಿರಲಿಲ್ಲ. ಆಗ ಬಂದವಳು ಶೇವಂತವ್ವ. ನನಗಿಂತ ಆರೇಳು ವರ್ಷ ದೊಡ್ಡವಳು. ಊರ ಹೊರಗಿನ ಓಣಿಯವಳು. ಅವಳ ಗಂಡ ಮಾರುತಿ ಇಚಲಕರಂಜಿಯ ಶೆಡ್ಡಿನಲ್ಲಿ ಲೂಮ್ ನಡೆಸುತ್ತಿದ್ದ, ಪಪ್ಪಾನ ಯೂನಿಯನ್ನಿನವನು. ಅವರ ಮನೆಯವರು ಇತ್ತೀಚೆಗಷ್ಟೇ ಬೌದ್ಧರಾಗಿದ್ದರು. ಧರ್ಮ ಹೊಸದಾಗಿತ್ತು, ಊರಿನ ಮಂದಿ ಅವರನ್ನು ಮುಟ್ಟದೆ ದೂರ ಸರಿಯುವುದು ಮಾತ್ರ ಹಳೆಯದೇ ಇತ್ತು.

ಶೇವಂತವ್ವ ಹಿತ್ತಲಲ್ಲಿ ಮೂರು ಕಲ್ಲಿಟ್ಟು ತತ್ತಿ ಕುದಿಸುತ್ತಿದ್ದಳು. ಸಿಪ್ಪೆಯನ್ನು ನಿಂಬೆಗಿಡದ ಬುಡದಲ್ಲಿ ಹುಗಿಯುತ್ತಿದ್ದಳು. ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು: “ಬಿಳಿ ಗುಳಿಗಿ ತಗೊಂಡಿ ಏನ ಬೇಬಿ?”

“ಎರಡೂ ನುಂಗಿದ್ರೀ ಅವ್ವಾರ,” ಎಂದು ಶೇವಂತವ್ವನೇ ಉತ್ತರ ಕೊಡುತ್ತಿದ್ದಳು. “ನಾಳೆ ಗುಳಿಗಿ ಇಡೂ ಕೋಳೀನs ತರ್ತೇನಿ.”

ನಾನು ನಗುತ್ತಿದ್ದೆ, ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಅವಳು ಬೆನ್ನು ಸವರುತ್ತಿದ್ದಳು. ಬರಿಗೈಯಿಂದ. ನನ್ನನ್ನು ಮುಟ್ಟುತ್ತಿದ್ದವರು ಕಂಪೌಂಡರನ ಸೂಜಿ ಬಿಟ್ಟರೆ ಅವಳೊಬ್ಬಳೇ. ಪಿ.ಎ.ಎಸ್. ಪುಡಿ ತಿಂದು ನಾನು ವಾಂತಿ ಮಾಡಿಕೊಂಡರೆ, “ಬರ್ಲಿ ಬರ್ಲಿ, ಒಳಗ ಇಟ್ಕೊಂಡ ಏನ ಮಾಡ್ತೀರಿ” ಎನ್ನುತ್ತಿದ್ದಳು. ಮೊದಲು ಅರ್ಧ ಬಾಳೆಹಣ್ಣು ತಿಂದು ಪುಡಿ ನುಂಗಿದರೆ ನಿಲ್ಲುತ್ತದೆ ಎಂದು ಕಂಡುಹಿಡಿದವಳೂ ಅವಳೇ.

ಡಾಕ್ಟರ್ ‘ಬೇರೆ ಪಾತ್ರೆ’ ಎಂದಿದ್ದರಲ್ಲ, ನನ್ನ ಎನಾಮೆಲ್ ಕಪ್ಪನ್ನು, ಬೋರ್ಡಿಂಗಿನಿಂದ ತಂದ ನೀಲಿ ಅಂಚಿನದು, ಅವ್ವ ಹಿತ್ತಲ ಗೋಡೆಯ ಗೂಡಿನಲ್ಲಿ ಇಟ್ಟಳು. ಆ ಗೂಡಿನಲ್ಲಿ ಮೊದಲೇ ಒಂದು ಕಪ್ ಇತ್ತು. ಹಿಡಿಕೆ ಮುರಿದದ್ದು. ಅದು ಶೇವಂತವ್ವನ ಮನೆಯವರಿಗಾಗಿ ಯಾವ ಕಾಲದಿಂದಲೋ ತೆಗೆದಿಟ್ಟ ಕಪ್. ರಜೆಗೆ ಬಂದಾಗೆಲ್ಲ ನಾನು ಆ ಗೋಡೆಯ ಪಕ್ಕದಲ್ಲಿ ಕಾದಂಬರಿ ಓದಿದ್ದೇನೆ. ಸಮಾನತೆಯ ಬಗ್ಗೆ ಪಪ್ಪಾ ಮಾಡಿದ ಭಾಷಣವೊಂದನ್ನು ಅಲ್ಲೇ ಕೂತು ಇಂಗ್ಲಿಷಿಗೆ ಟ್ರಾನ್ಸ್‌ಲೇಟ್ ಮಾಡಿಕೊಟ್ಟಿದ್ದೇನೆ. ಗೂಡು ಕಂಡಿರಲಿಲ್ಲ.

“ನೋಡ್ರಿ ಅಕ್ಕಾರ,” ಎಂದಳು ಶೇವಂತವ್ವ ಎರಡೂ ಕಪ್ ತೊಳೆದಿಡುತ್ತ, “ನಿಮ್ಮ ಕಪ್ಪೂ ನಮ್ಮ ಓಣಿಗೆ ಬಂತು.”

ಅವಳ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ಅದೇ ನನಗೆ ಚುಚ್ಚಿತು.

ನಾಲ್ಕು ತಿಂಗಳು ಕಳೆದವು. ಇಂಜೆಕ್ಷನ್‌ನಿಂದ ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ ಶುರುವಾಗಿತ್ತು. ಪಪ್ಪಾ ಬಂದಾಗಲೆಲ್ಲ ಹೊಸ್ತಿಲಲ್ಲಿ ನಿಂತು, “ಹೆಂಗದಿ ಬೇಬಿ?” ಎನ್ನುತ್ತಿದ್ದರು. ನಾನು, “ಫೈನ್ ಪಪ್ಪಾ.” ಅಷ್ಟೇ. ಒಳಗೆ ಬರುತ್ತಿರಲಿಲ್ಲ. ಬಿಡುವಿಲ್ಲ ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳುವುದು ಲೀಡರನ ಮಕ್ಕಳಿಗೆ ಚಿಕ್ಕಂದಿನಿಂದ ರೂಢಿ.

ಸ್ಟ್ರೈಕ್ ಮುಗಿದು ಒಪ್ಪಂದವಾದ ದಿನ ಮಧ್ಯಾಹ್ನ ಎರಡು ಹಾರ್ನ್ ಕೇಳಿದವು. ಜೀಪಿನ ಹಿಂದೆ ಒಂದು ಟ್ರಕ್ ಜನ. ಹಿತ್ತಲ ತೊಟ್ಟಿಯ ನೀರಲ್ಲಿ ಕೈಕಾಲು ತೊಳೆಯಲು ಎಲ್ಲರೂ ಹಿಂದೆ ಬಂದರು. ಅವ್ವ ಚಹಾ ತಂದಳು. ನಾನು ಕಿಟಕಿಯ ಬಾಗಿಲು ಅರ್ಧ ಮುಚ್ಚಿ ನೋಡುತ್ತಿದ್ದೆ.

ಎಲ್ಲರೂ ಟ್ರೇಯಿಂದ ಕಪ್ ತೆಗೆದುಕೊಂಡರು. ಮಾರುತಿ ಮಾತ್ರ ಟ್ರೇ ದಾಟಿ ನೇರ ಗೋಡೆಯ ಹತ್ತಿರ ಹೋದ. ಗೂಡಿನಿಂದ ಹಿಡಿಕೆ ಮುರಿದ ಕಪ್ ತೆಗೆದು, ಊದಿ, ಚಹಾಕ್ಕೆ ಹಿಡಿದ. ಯಾರೂ ಹೇಳಿರಲಿಲ್ಲ. ಅವನ ಕಾಲಿಗೇ ದಾರಿ ಗೊತ್ತಿತ್ತು.

ಪಪ್ಪಾ ಅದನ್ನು ನೋಡಿದರು. ಇಚಲಕರಂಜಿಯಲ್ಲಿ ಇದೇ ಮಾರುತಿಯ ಜೊತೆ ಒಂದೇ ಬಶಿಯಲ್ಲಿ ಚಹಾ ಕುಡಿದವರು ಅವರು. ಮುಖ ಕೆಂಪಾಯಿತು.

“ತಡಿ ಮಾರುತಿ. ನಮ್ಮ ಮನ್ಯಾಗ ಇದಿನ್ನೂ ನಡದೈತೇನು? ಹಂಗಾದ್ರ ನಾನೂ ಅದರಾಗs ಕುಡೀತೇನಿ.”

ಗೂಡಿನಲ್ಲಿ ಉಳಿದಿದ್ದ ಇನ್ನೊಂದು ಕಪ್ ಎತ್ತಿದರು. ತಮ್ಮ ಚಹಾವನ್ನು ಅದಕ್ಕೆ ಸುರಿದುಕೊಂಡರು. ಎಲ್ಲರ ಮುಂದೆ ಮೇಲೆತ್ತಿ ಹಿಡಿದರು, ವೇದಿಕೆಯ ಮೇಲೆ ಹಿಡಿಯುವ ಹಾಗೆ. ನೀಲಿ ಅಂಚಿನ ಕಪ್.

“ಅಣ್ಣಾ, ಬ್ಯಾಡ್ರೀ!” ಶೇವಂತವ್ವ ಚೀರಿದಳು. “ಅದು ನಮ್ದಲ್ರೀ! ಅಕ್ಕಾರ್ದದು!”

“ಬೇಬೀದು? ಬೇಬಿ ಕಪ್ ಇಲ್ಲ್ಯಾಕ—”

ಪಪ್ಪಾನ ಮಾತು ಅರ್ಧಕ್ಕೇ ನಿಂತಿತು. ಇಪ್ಪತ್ತು ಮಂದಿ ನನ್ನ ಕಿಟಕಿಯತ್ತ ತಿರುಗಿದರು. ಒಬ್ಬ ಮುದುಕ ಮೆಲ್ಲಗೆ ಕೇಳಿದ: “ಕ್ಷಯ ಏನ್ರಿ, ಅಣ್ಣಾ?”

ಪಪ್ಪಾ ಕಪ್ ಕೆಳಗಿಟ್ಟರು.

ಕುಡಿಯಲಿಲ್ಲ. ಕುಡಿಯಬೇಕಾಗಿಯೂ ಇರಲಿಲ್ಲ, ಅದು ನನಗೂ ಗೊತ್ತು. ಆದರೆ ಆ ಕೈ ಎಷ್ಟು ಬೇಗ ಇಳಿಯಿತು ಎಂಬುದನ್ನು ನಾನು ಕಿಟಕಿಯಿಂದ ಕಂಡೆ. ನಾನು ಕಂಡದ್ದನ್ನು ಅವರೂ ಕಂಡರು.

ಜನ ಹೋದ ಮೇಲೆ ಹೊಸ್ತಿಲು ದಾಟಿ ಬಂದು ಹಾಸಿಗೆಯ ಕೊನೆಯಲ್ಲಿ ಕೂತರು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಮಾರುತೀದು ಅಂತ ಎತ್ತಿದ್ದೆ. ನಿಂದು ಅಂದ್ ಕೂಡ್ಲೆ ಕೈ ತಾನs ಇಳೀತು. ನೋಡಿದಿ?”

“ನೋಡಿದೆ, ಪಪ್ಪಾ.”

“ಹಂಗಾರ ಸುಳ್ಳ ಹೇಳಾಕ ಬರಾಂಗಿಲ್ಲ ಬಿಡು.” ಟೋಪಿಯ ಮಡಿಕೆ ಸವರುತ್ತ, “ಹೆದ್ರಿಕಿ ಆಗಿತ್ತ ಬೇಬಿ. ರೋಗಕ್ಕಲ್ಲ. ಒಳಗ ಬಂದ್ರ ನೀ ಎಷ್ಟ್ ಸೊರಗೀದಿ ಅಂತ ಕಾಣತೈತಲ್ಲ, ಅದಕ್ಕ.” ನನ್ನ ಪಾದದ ಮೇಲೆ ಕೈಯಿಟ್ಟರು. ನಾನು ಅತ್ತೆ. ಅವರೂ ಅತ್ತರು. ಭಾಷಣ ಮಾಡುವವರು ಅಳುವಾಗ ಎಷ್ಟು ಸಣ್ಣ ಸದ್ದು ಮಾಡುತ್ತಾರೆ!

ಮುಂದಿನ ವಾರ ಸಂತೆಯ ಮೈದಾನದಲ್ಲಿ ಸಭೆ. ಲೌಡ್‌ಸ್ಪೀಕರಿನ ಬಾಯಿ ನಮ್ಮ ಮನೆಯತ್ತಲೇ ಇತ್ತು. ಪಪ್ಪಾ ಮರಾಠಿಯಲ್ಲಿ ಒಪ್ಪಂದದ ಮಾತು ಮುಗಿಸಿ, ಸ್ವಲ್ಪ ತಡೆದು, “ಮಾಝ್ಯಾ ಮುಲೀಲಾ ಟೀಬಿ ಝಾಲಾಯ್” ಎಂದರು. ನನ್ನ ಮಗಳಿಗೆ ಟಿ.ಬಿ. ಆಗಿದೆ, ಮುಚ್ಚಿಟ್ಟದ್ದು ನನ್ನ ತಪ್ಪು, ಇಂಜೆಕ್ಷನ್ ನಡೆದಿದೆ, ಗುಣವಾಗುತ್ತಿದೆ, ನಿಮ್ಮ ಮನೆಯಲ್ಲೂ ಇದ್ದರೆ ಮುಚ್ಚಿಡಬೇಡಿ. ಅವ್ವ ಕಿಟಕಿ ಬಡಿದು ಮುಚ್ಚಿದಳು. ನಾನು ನಾಚಿಕೆಯಿಂದ ಹೊದಿಕೆ ಎಳೆದುಕೊಂಡೆ. ಶೇವಂತವ್ವ ಮಾತ್ರ ಕುಕ್ಕರುಗಾಲಲ್ಲಿ ಕೂತು, “ಅಣ್ಣಾನ ಭಾಷಣದಾಗ ಇದೊಂದs ನನಗ ಪೂರಾ ತಿಳದದ್ದು,” ಎಂದಳು.

ಚಹಾ ಕುಡಿಯುವವರು ಕಡಿಮೆಯಾದರು, ಸುಳ್ಳೇಕೆ. ಆದರೆ ಬೇರೆ ಜನ ಬರತೊಡಗಿದರು. ನನ್ನ ಕಿಟಕಿಗೆ. ಇಚಲಕರಂಜಿಯ ಶಹಾಪುರದಿಂದ ಒಬ್ಬಳು ನೇಕಾರರ ಹೆಂಗಸು ಎಸ್.ಟಿ. ಹಿಡಿದು ಬಂದಳು, ಎಂಟು ವರ್ಷದಿಂದ ಗಂಡನನ್ನು ಯಾರಿಗೂ ತಿಳಿಯದಂತೆ ಅಟ್ಟದ ಮೇಲೆ ಮಲಗಿಸಿದ್ದಳಂತೆ, ಪಪ್ಪಾನ ಮಾತು ಕಿವಿಗೆ ಬಿದ್ದ ಮೇಲೆ ಔಷಧ ಶುರುಮಾಡಿದ್ದಳಂತೆ. “ಅಕ್ಕಾ, ಆ ಪುಡಿ ಹೊಟ್ಟ್ಯಾಗ ನಿಲ್ಲವಲ್ದರೀ.” “ಮೊದಲ ಅರ್ಧ ಬಾಳಿಹಣ್ಣ ತಿನಸ್ರಿ,” ಎಂದೆ, ನನ್ನದೇ ರಿಸರ್ಚ್ ಎಂಬಂತೆ. ಶೇವಂತವ್ವ ಹಿಂದಿನಿಂದ ಕಣ್ಣು ಮಿಟುಕಿಸಿದಳು. ಪಪ್ಪಾ, “ನನಗಿಂತ ನಿನ್ನ ಕಡೆ ಮಂದಿ ಜಾಸ್ತಿ ಆತು. ಮುಂದಿನ ಎಲೆಕ್ಷನ್ ನೀನs ನಿಲ್ಲು,” ಎನ್ನುತ್ತಿದ್ದರು. ಒಳಗೆ ಬಂದು, ಹಾಸಿಗೆಯ ಮೇಲೆ ಕೂತು.

ಗೂಡು? ಕಪ್ ಎತ್ತಿದ ದಿನವೇ ಪಪ್ಪಾ ಅವ್ವನಿಗೆ, “ಎರಡೂ ಕಪ್ ಒಳಗ ತಗೋ” ಎಂದಿದ್ದರು. ಅವ್ವ, “ಬ್ಯಾರೆ ಇಡ್ರಿ ಅಂತ ಡಾಕ್ಟರs ಹೇಳ್ಯಾರಲ್ಲ,” ಎಂದಳು. ಪಪ್ಪಾ ಟೋಪಿ ಹಾಕಿಕೊಂಡರು, ಜೀಪು ಕಾಯುತ್ತಿತ್ತು. ಹೀಗೆ ನನ್ನ ಕಾಯಿಲೆ ಆ ಗೂಡಿಗೆ ಒಂದು ಮರ್ಯಾದೆಯ ಕಾರಣ ಒದಗಿಸಿತು. ಎರಡು ಕಪ್ ಇರುವವರೆಗೆ ಯಾವುದು ಯಾತಕ್ಕೆ ಹೊರಗಿದೆ ಎಂದು ಕೇಳುವವರಿರಲಿಲ್ಲ.

ಹದಿನೆಂಟು ತಿಂಗಳು ಕಳೆದು ಇನ್ನೊಂದು ತಿಂಗಳಾದ ಮೇಲೆ ಕೊಲ್ಹಾಪುರದಲ್ಲಿ ಎಕ್ಸ್‌ರೇ. ಗಾಯದ ಗೆರೆ ಮಾತ್ರ ಉಳಿದಿತ್ತು. ತೂಕ ನೂರಾ ನಾಲ್ಕು ಪೌಂಡ್. ಅವ್ವ ಬಾಗಿಲಲ್ಲೇ ನಿಲ್ಲಿಸಿ ಆರತಿ ಎತ್ತಿದಳು. ನನ್ನ ಕಪ್ ಕುದಿಯುವ ನೀರಲ್ಲಿ ಮುಳುಗೆದ್ದು ಅಡುಗೆಮನೆಗೆ ಬಂತು. ನಾನು ಒಲೆಯ ಪಕ್ಕ ಕೂತು ಬಿಸಿ ರೊಟ್ಟಿ ತಿಂದೆ. ಎಷ್ಟು ಸುಖ ಅಂದರೆ, ನಾಲ್ಕು ದಿನ ನನಗೆ ಬೇರೇನೂ ಕಾಣಲಿಲ್ಲ.

ಐದನೆಯ ದಿನ ಕಂಡಿತು. ಗೂಡಿನಲ್ಲಿ ಒಂದೇ ಕಪ್.

“ಅವ್ವಾ, ಶೇವಂತವ್ವನ ಕಪ್?”

“ಅದು ಅಲ್ಲೇ ಇರೂದಲ್ಲ?” ಎಂದಳು ಅವ್ವ. ಬಾವಿ ಎಲ್ಲಿದೆ ಎಂದು ಕೇಳಿದ್ದರೂ ಅದೇ ದನಿಯಲ್ಲಿ ಹೇಳುತ್ತಿದ್ದಳು.

ನಾನೇ ತಂದು ಅಡುಗೆಮನೆಯ ಹಲಗೆಯ ಮೇಲೆ ಇಟ್ಟೆ. ಮರುದಿನ ಬೆಳಿಗ್ಗೆ ಅದು ಮತ್ತೆ ಗೂಡಿನಲ್ಲಿತ್ತು. ಎರಡನೆಯ ಸಲ ತರಲಿಲ್ಲ. ಪಪ್ಪಾನಿಗೂ ಹೇಳಲಿಲ್ಲ. ನಾನೇ ಈಗಷ್ಟೇ ಒಳಗೆ ಬಂದವಳು. ಆ ಬೆಚ್ಚಗಿನ ಜಾಗದಲ್ಲಿ ಜಗಳ ಬೇಡವಾಗಿತ್ತು. ಪಪ್ಪಾನ ಕೈ ಇಳಿದದ್ದನ್ನು ಕಂಡವಳು ನಾನು. ನನ್ನ ಕೈ ಏಳಲೇ ಇಲ್ಲ. ನನ್ನ ರೋಗಕ್ಕೆ ಹದಿನೆಂಟು ತಿಂಗಳ ಲೆಕ್ಕವಾದರೂ ಇತ್ತು.

ಶೇವಂತವ್ವ ಒಂಟಿ ಕಪ್ಪನ್ನು ನೋಡಿಯೇ ಇದ್ದಳು. ಮುಂದಿನ ತಿಂಗಳು, “ನಾನೂ ಶಹಾಪುರಕ್ಕ ಹೊಂಟೇನ್ರಿ ಅಕ್ಕಾರ. ಶೆಡ್ಡಿನ್ಯಾಗ ನೂಲ ಸುತ್ತೂ ಕೆಲಸ ಸಿಕ್ಕೈತಿ,” ಎಂದಳು.

ಹೊರಡುವ ದಿನ ನಾನು ಎಸ್.ಟಿ. ಸ್ಟ್ಯಾಂಡಿಗೆ ಹೋದೆ. ಕಾಯಿಲೆಯ ನಂತರ ಅಷ್ಟು ದೂರ ನಡೆದದ್ದು ಅದೇ ಮೊದಲು. ಅವಳು ಕಿಟಕಿಯ ಪಕ್ಕ, ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ.

“ಶೇವಂತವ್ವಾ, ಆ ಕಪ್ಪಿಂದು...”

“ನಡಕೋತ ಬಂದೀರೇನ್ರಿ, ಈ ಬಿಸಲಾಗ? ಹುಚ್ಚ ಹಿಡದೈತೇನ ನಿಮಗ?” ಎಂದಳು. “ಅದ್ನೆಲ್ಲ ಬಿಡ್ರಿ. ತತ್ತಿ ಬಿಡಬ್ಯಾಡ್ರಿ. ಅವ್ವಾರ ಕಡೆ ನಾನs ಮಾತಾಡೇನಿ.”

ಕಂಡಕ್ಟರ್ ಗಂಟೆ ಹೊಡೆದ. ನಾನು ಮತ್ತೆ ಬಾಯಿ ತೆರೆದೆ. ಬಸ್ ತಿರುಗಿದ್ದಕ್ಕೆ ಸ್ಟ್ಯಾಂಡಿನ ಧೂಳೆಲ್ಲ ಎದ್ದಿತು. ಶೇವಂತವ್ವ ಕಿಟಕಿಯಿಂದ ಹೊರಗೆ ಬಾಗಿ, ತನ್ನ ಸೆರಗನ್ನು ತನ್ನ ಬಾಯಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನನ್ನತ್ತ ಬೊಟ್ಟು ಮಾಡಿದಳು: ಮುಚ್ಚಿಕೊಳ್ಳಿ, ಮುಚ್ಚಿಕೊಳ್ಳಿ.

ನಾನು ಬಾಯಿ ಮುಚ್ಚಿಕೊಂಡೆ. ಧೂಳು ಇಳಿಯುವಷ್ಟರಲ್ಲಿ ಬಸ್ಸು ರಸ್ತೆ ಸೇರಿಯಾಗಿತ್ತು. ಮತ್ತೆ ನಾನು ಅವಳನ್ನು ನೋಡಲಿಲ್ಲ.